ಜೋಕಾಲಿಯೋ, ಗುಂಡಿಯೋ? ಮಕ್ಕಳ ಆಕ್ಯುಪೇಶನಲ್ ಥೆರಪಿಯ ಸುತ್ತಲಿನ ಗೊಂದಲ

ಬಟ್ಟೆ ತೊಡುವುದು, ಉಣ್ಣುವುದು, ಬರೆಯುವುದರಂಥ ದಿನನಿತ್ಯದ ಕೆಲಸಗಳಲ್ಲಿ ತೊಡಕಿರುವ ಮಕ್ಕಳಿಗೆ ನೆರವಾಗಲು ಕೊಡುವ ಆಕ್ಯುಪೇಶನಲ್ ಥೆರಪಿಯ ಬಗ್ಗೆ ಕೆಲವು ವರ್ಷಗಳಿಂದ ಒಂದಕ್ಕೊಂದು ತಾಳೆಯಾಗದ ಸುದ್ದಿಗಳು ಬರುತ್ತಿವೆ. ಥೆರಪಿಸ್ಟ್‌ಗಳು ಸಾಲುತ್ತಿಲ್ಲ, ಸರದಿಗಾಗಿ ಪೋಷಕರು ತಿಂಗಳುಗಟ್ಟಲೆ ಕಾಯುತ್ತಿದ್ದಾರೆ ಎಂಬುದು ಒಂದು ಬಗೆಯ ಸುದ್ದಿ. ಇದೇ ಕ್ಷೇತ್ರದ ಬಹು ಪ್ರಸಿದ್ಧ ವಿಧಾನವೊಂದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ ನೋಡಿದಾಗ ಮಾಮೂಲಿ ಆರೈಕೆಗಿಂತ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ ಎಂಬುದು ಇನ್ನೊಂದು ಬಗೆಯದು. 2022ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಅಧ್ಯಯನ ಈ ಎರಡನೆಯ ಸಾಲಿಗೆ ಸೇರುತ್ತದೆ. ಎರಡನ್ನೂ ಓದಿದ ಪೋಷಕರಿಗೆ ಸಹಜವಾಗಿಯೇ ಏಳುವ ಪ್ರಶ್ನೆ, ಕೆಲಸಕ್ಕೆ ಬಾರದ್ದಾದರೆ ಇಷ್ಟೊಂದು ಜನ ಸಾಲುಗಟ್ಟಿ ನಿಂತಿರುವುದೇಕೆ ಎಂಬುದು.

ಗೊಂದಲಕ್ಕೆ ಮುಖ್ಯ ಕಾರಣ, ಒಂದೇ ಹೆಸರಿನಡಿ ನಡೆಯುತ್ತಿರುವುದು ಒಂದೇ ಕೆಲಸವಲ್ಲ ಎಂಬುದನ್ನು ಸುದ್ದಿಗಳು ಹೇಳದೇ ಬಿಡುವುದು. ಆಕ್ಯುಪೇಶನಲ್ ಥೆರಪಿ ಫಲ ಕೊಡುತ್ತದೆಯೇ ಎಂದು ಒಟ್ಟಾರೆಯಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಮಗು ಅಲ್ಲಿ ಯಾವುದನ್ನು ಅಭ್ಯಾಸ ಮಾಡುತ್ತಿದೆ, ಯಾವ ಗುರಿಗಾಗಿ, ಆ ಗುರಿ ಕೈಗೂಡಿತೆಂದು ತಿಳಿಯುವುದು ಹೇಗೆ ಎಂದು ಬಿಡಿಸಿ ಕೇಳಿದರೆ ಮಾತ್ರ ಸಿಗುತ್ತದೆ.

ದಾರಿ ತಪ್ಪಿಸುವ ಹೆಸರು

ಕನ್ನಡದಲ್ಲಿ ಇದನ್ನು ‘ಔದ್ಯೋಗಿಕ ಚಿಕಿತ್ಸೆ’ ಎಂದು ಕರೆಯುವುದುಂಟು. ಪದಕ್ಕೆ ಪದ ಇಟ್ಟ ಈ ಅನುವಾದದಿಂದ ಆದ ಉಪಕಾರ ಕಡಿಮೆ. ನಾಲ್ಕು ವರ್ಷದ ಮಗುವಿಗೆ ಯಾವ ಉದ್ಯೋಗ ಎಂದು ಓದುಗರು ತಬ್ಬಿಬ್ಬಾಗುತ್ತಾರೆ. ಇಲ್ಲಿ ‘ಆಕ್ಯುಪೇಶನ್’ ಎಂದರೆ ಸಂಬಳದ ಕೆಲಸವಲ್ಲ, ಒಬ್ಬ ವ್ಯಕ್ತಿಯ ದಿನವನ್ನು ತುಂಬುವ ಎಲ್ಲ ಚಟುವಟಿಕೆ. ಬಟ್ಟೆ ತೊಡುವುದು, ತಾನೇ ಉಣ್ಣುವುದು, ಆಡುವುದು, ಬರೆಯುವುದು, ತರಗತಿಯಲ್ಲಿ ಕೂರುವುದು, ನಿದ್ದೆ ಮಾಡುವುದು ಇವೆಲ್ಲ ಮಗುವಿನ ‘ಉದ್ಯೋಗ’ಗಳೇ.

1917ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಈ ವೃತ್ತಿಯ ಮೊದಲ ಸಂಘ ಸ್ಥಾಪನೆಯಾದಾಗ ಅದರ ಗಮನವಿದ್ದದ್ದು ಮಾನಸಿಕ ರೋಗಿಗಳು ಮತ್ತು ದೀರ್ಘಕಾಲ ಹಾಸಿಗೆ ಹಿಡಿದವರ ಮೇಲೆ. ನೇಯ್ಗೆ, ಬುಟ್ಟಿ ಹೆಣಿಗೆ, ಮರಗೆಲಸದಂಥ ಕೆಲಸಗಳಲ್ಲಿ ಕೈ ತೊಡಗಿದರೆ ಮನಸ್ಸೂ ದೇಹವೂ ಚೇತರಿಸಿಕೊಳ್ಳುತ್ತವೆ ಎಂಬುದು ಸ್ಥಾಪಕರ ನಂಬಿಕೆ. ಮೊದಲ ಮಹಾಯುದ್ಧದ ಗಾಯಾಳು ಸೈನಿಕರು ಆ ನಂಬಿಕೆಗೆ ಕಾರ್ಯಕ್ಷೇತ್ರ ಒದಗಿಸಿದರು. ಮಕ್ಕಳತ್ತ ದೊಡ್ಡ ಪ್ರಮಾಣದ ತಿರುವು ಬಂದದ್ದು ಅಮೆರಿಕದ 1975ರ ಶಿಕ್ಷಣ ಕಾಯಿದೆಯಂಥ ಕ್ರಮಗಳಿಂದ. ಅಂಗವೈಕಲ್ಯವಿರುವ ಮಕ್ಕಳು ಸಾರ್ವಜನಿಕ ಶಾಲೆಗೆ ಬರುವುದು ಹಕ್ಕಾದ ಮೇಲೆ, ಅವರು ಅಲ್ಲಿ ಕಲಿಯಲು ಬೇಕಾದ ಪೂರಕ ಸೇವೆಗಳ ಪಟ್ಟಿಯಲ್ಲಿ ಈ ಥೆರಪಿಯೂ ಸೇರಿತು. ಸೆರೆಬ್ರಲ್ ಪಾಲ್ಸಿ (ಮೆದುಳಿಗಾದ ಹಾನಿಯಿಂದ ಚಲನೆ ತೊಡಕಾಗುವ ಸ್ಥಿತಿ), ಡೌನ್ ಸಿಂಡ್ರೋಮ್, ಆಟಿಸಂ (ಒಡನಾಟ ಮತ್ತು ಸಂವಹನ ಭಿನ್ನವಾಗಿರುವ ಸ್ಥಿತಿ), ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ಸ್ಥಿತಿ), ಕಲಿಕೆಯ ತೊಡಕು, ಚಲನೆಗಳ ಹೊಂದಾಣಿಕೆಯ ತೊಂದರೆ ಹೀಗೆ ಬಹಳ ಭಿನ್ನವಾದ ಸ್ಥಿತಿಗಳ ಮಕ್ಕಳು ಒಂದೇ ಬಾಗಿಲಿಗೆ ಬರತೊಡಗಿದರು.

ಬೇರು ಸರಿಪಡಿಸುವುದೋ, ಕೆಲಸ ಕಲಿಸುವುದೋ

ಅಂಗಿಯ ಗುಂಡಿ ಹಾಕಿಕೊಳ್ಳಲಾಗದ ಏಳು ವರ್ಷದ ಮಗುವೊಂದಿದೆ ಎನ್ನೋಣ. ಆ ಮಗುವಿಗೆ ನೆರವಾಗಲು ಈ ಕ್ಷೇತ್ರದಲ್ಲಿ ಎರಡು ದಾರಿಗಳಿವೆ, ಎರಡರ ಹಿಂದೆಯೂ ಬೇರೆ ಬೇರೆ ತರ್ಕವಿದೆ.

ಮೊದಲ ದಾರಿಯ ತರ್ಕದ ಪ್ರಕಾರ ಗುಂಡಿ ಹಾಕಲಾಗದಿರುವುದು ಮೇಲೆ ಕಾಣುವ ಲಕ್ಷಣ ಮಾತ್ರ. ಬೆರಳುಗಳಲ್ಲಿ ಬಲವಿಲ್ಲ, ಸ್ಪರ್ಶದ ಅರಿವು ಮಸುಕಾಗಿದೆ, ಕಣ್ಣಿಗೂ ಕೈಗೂ ಹೊಂದಿಕೆಯಿಲ್ಲ, ಇಲ್ಲವೇ ದೇಹದ ಸಮತೋಲನವೇ ಗಟ್ಟಿಯಾಗಿಲ್ಲ. ಈ ಬೇರನ್ನು ಸರಿಪಡಿಸಿದರೆ ಗುಂಡಿ ಹಾಕುವುದು, ಬರೆಯುವುದು, ಚೆಂಡು ಹಿಡಿಯುವುದು ಎಲ್ಲವೂ ತಾವಾಗಿಯೇ ಸುಧಾರಿಸುತ್ತವೆ. ಆದ್ದರಿಂದ ಥೆರಪಿ ಕೋಣೆಯಲ್ಲಿ ಮಗು ಹಿಟ್ಟಿನಂಥ ಮಿದು ಮುದ್ದೆಯನ್ನು ಹಿಸುಕುತ್ತದೆ, ಜೋಕಾಲಿಯಲ್ಲಿ ತೂಗುತ್ತದೆ, ದೊಡ್ಡ ಚೆಂಡಿನ ಮೇಲೆ ಬೋರಲಾಗಿ ಮಲಗಿ ಸಮತೋಲನ ಕಲಿಯುತ್ತದೆ.

ಎರಡನೆಯ ದಾರಿ ಗುಂಡಿಯಿಂದಲೇ ಹೊರಡುತ್ತದೆ. ಮಗುವಿನ ಮೈಮೇಲಿರುವ ಅಂಗಿಯಲ್ಲೇ, ದೊಡ್ಡವರು ಗುಂಡಿಯನ್ನು ಕಾಜದೊಳಗೆ ಅರ್ಧ ತೂರಿಸಿ ಕೊಡುತ್ತಾರೆ, ಮಗು ಅದನ್ನು ಆಚೆಯಿಂದ ಹಿಡಿದು ಎಳೆಯುವುದಷ್ಟನ್ನೇ ಮಾಡುತ್ತದೆ. ಅದು ಕೈವಶವಾದ ಮೇಲೆ ತೂರಿಸುವುದು, ಆಮೇಲೆ ಕಾಜವನ್ನು ಹುಡುಕುವುದು. ಹೀಗೆ ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಕಲಿಯುವುದರಿಂದ ಪ್ರತಿ ಸಲವೂ ಕೆಲಸ ಮುಗಿಸಿದ ಹೆಮ್ಮೆ ಮಗುವಿನದೇ ಆಗುತ್ತದೆ. ಸ್ವಲ್ಪ ದೊಡ್ಡ ಮಕ್ಕಳಾದರೆ ಥೆರಪಿಸ್ಟ್ ಉತ್ತರ ಹೇಳಿಕೊಡುವ ಬದಲು “ಗುಂಡಿ ಎಲ್ಲಿ ಸಿಕ್ಕಿಹಾಕಿಕೊಂಡಿತು ನೋಡು, ಈ ಸಲ ಏನು ಬದಲಾಯಿಸುತ್ತೀಯ?” ಎಂದು ಕೇಳುತ್ತಾರೆ. ಗುರಿ ಇಟ್ಟುಕೊಳ್ಳುವುದು, ಉಪಾಯ ಯೋಚಿಸುವುದು, ಮಾಡುವುದು, ಪರಿಶೀಲಿಸುವುದು ಎಂಬ ಈ ನಾಲ್ಕು ಹಂತಗಳ ಪದ್ಧತಿಯನ್ನು ಕೆನಡಾದಲ್ಲಿ ಹೆಲೆನ್ ಪೊಲಟಾಯ್ಕೊ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದರು.

ಹೊರಗಿನಿಂದ ನೋಡಿದರೆ ಮೊದಲ ದಾರಿಯೇ ಹೆಚ್ಚು ವೈಜ್ಞಾನಿಕವೆನಿಸುತ್ತದೆ. ಬೇರಿಗೆ ನೀರೆರೆದರೆ ಎಲೆಗೂ ತಲುಪುತ್ತದೆ ಎಂಬ ಮಾತನ್ನು ಯಾರು ತಾನೇ ಅಲ್ಲಗಳೆಯುತ್ತಾರೆ? ತೊಡಕಿರುವುದು ಮಗುವಿನ ನರಮಂಡಲ ಗಿಡದ ಹಾಗೆ ವರ್ತಿಸದಿರುವುದರಲ್ಲಿ.

ಕೈಬರಹದ ಸಾಕ್ಷ್ಯ

ಈ ವಾದವನ್ನು ಒರೆಗೆ ಹಚ್ಚಲು ಕೈಬರಹದಷ್ಟು ಅನುಕೂಲವಾದ ವಿಷಯ ಇನ್ನೊಂದಿಲ್ಲ, ಏಕೆಂದರೆ ಫಲಿತಾಂಶ ಕಾಗದದ ಮೇಲೆ ಕಣ್ಣಿಗೆ ಕಾಣುತ್ತದೆ. 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬರಹದಲ್ಲಿ ತೊಂದರೆಯಿದ್ದ 6ರಿಂದ 11 ವರ್ಷದ 38 ಮಕ್ಕಳನ್ನು ಮೂರು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಬೆರಳು, ಕಣ್ಣು, ಸ್ಪರ್ಶಗಳ ಆಧಾರ ಕೌಶಲಗಳ ತರಬೇತಿ. ಇನ್ನೊಂದು ಗುಂಪಿಗೆ ಬರೆಯುವುದರದ್ದೇ ಕ್ರಮಬದ್ಧ ಅಭ್ಯಾಸ. ಮೂರನೆಯದಕ್ಕೆ ಏನೂ ಇಲ್ಲ. ವಾರಕ್ಕೆ ನಾಲ್ಕು ಸಲದಂತೆ ಐದು ವಾರ ನಡೆದ ಮೇಲೆ ನೋಡಿದರೆ, ಬರೆದು ಅಭ್ಯಾಸ ಮಾಡಿದವರ ಅಕ್ಷರ ಸುಧಾರಿಸಿತ್ತು. ಆಧಾರ ಕೌಶಲಗಳ ಗುಂಪಿನಲ್ಲಿ ಆ ಕೌಶಲಗಳಲ್ಲಿ ಕೆಲವು ನಿಜಕ್ಕೂ ಉತ್ತಮವಾಗಿದ್ದವು, ಆದರೆ ಬರಹ ಇದ್ದದ್ದಕ್ಕಿಂತ ಕೆಳಗಿಳಿದಿತ್ತು.

ಬೇರು ಬಲವಾಗದಿದ್ದರೆ ತರಬೇತಿಯೇ ಸರಿಯಿರಲಿಲ್ಲ ಎನ್ನಬಹುದಿತ್ತು. ಇಲ್ಲಿ ಬೇರು ಬಲವಾಯಿತು, ಎಲೆಗೆ ಮಾತ್ರ ಅದು ತಲುಪಲಿಲ್ಲ. 2011ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವಿಮರ್ಶೆಯೂ ಬರೆಯುವ ಅಭ್ಯಾಸವೇ ಇಲ್ಲದ ಕಾರ್ಯಕ್ರಮಗಳು, ಹಾಗೆಯೇ ಅಭ್ಯಾಸವಿದ್ದರೂ ಅದು 20 ಅವಧಿಗಿಂತ ಕಡಿಮೆಯಿದ್ದ ಕಾರ್ಯಕ್ರಮಗಳು ಫಲ ಕೊಡಲಿಲ್ಲ ಎಂಬ ತೀರ್ಮಾನಕ್ಕೆ ಬಂತು. ಕಾರಣವನ್ನು ಹೀಗೆ ವಿವರಿಸಬಹುದು: ಬರೆಯುವಾಗ ಮೆದುಳು ಬೆರಳಿನ ಬಲವನ್ನಷ್ಟೇ ಬಳಸುವುದಿಲ್ಲ. ಅಕ್ಷರದ ಆಕಾರವನ್ನು ನೆನಪಿನಿಂದ ತೆಗೆಯುವುದು, ಯಾವ ಗೆರೆ ಮೊದಲು ಎಂಬ ಅನುಕ್ರಮ, ಗೆರೆಯ ಒತ್ತಡ, ಪಕ್ಕದ ಅಕ್ಷರದೊಂದಿಗಿನ ಅಂತರ ಇವೆಲ್ಲ ಒಟ್ಟಾಗಿ ಒಂದು ಕ್ರಿಯೆಯಾಗಿ ಬೆಸೆದುಕೊಳ್ಳಬೇಕು, ಮತ್ತು ಆ ಬೆಸುಗೆ ನಡೆಯುವುದು ಬರೆಯುವಾಗಲೇ. ಮುದ್ದೆ ಹಿಸುಕುವಾಗ ನಡೆಯುವುದು ಬೇರೆ ಬೆಸುಗೆ.

ಸೆರೆಬ್ರಲ್ ಪಾಲ್ಸಿಯಲ್ಲಿ ದೇಹದ ಒಂದು ಪಕ್ಕ ದುರ್ಬಲವಾದ ಮಕ್ಕಳ ವಿಷಯದಲ್ಲೂ ಇದೇ ಪಾಠ ಸಿಗುತ್ತದೆ. ಗಟ್ಟಿ ಕೈಗೆ ಕೆಲ ವಾರಗಳ ಕಾಲ ದಿನದ ಕೆಲವು ಗಂಟೆ ಗವಸು ಇಲ್ಲವೇ ಪಟ್ಟಿ ತೊಡಿಸಿ, ದುರ್ಬಲ ಕೈಯಿಂದಲೇ ಆಟ ಮತ್ತು ಕೆಲಸಗಳನ್ನು ಮಾಡಿಸುವ ಪದ್ಧತಿಗೆ, ಎರಡೂ ಕೈಗಳನ್ನು ಒಟ್ಟಿಗೆ ಬಳಸಿಸುವ ತೀವ್ರ ತರಬೇತಿಗೆ ಸಿಕ್ಕಿರುವ ಪುರಾವೆ ಈ ಕ್ಷೇತ್ರದಲ್ಲೇ ಅತ್ಯಂತ ಗಟ್ಟಿಯಾದವುಗಳ ಸಾಲಿನಲ್ಲಿದೆ.

2022ರ ಅಧ್ಯಯನ ಅಳೆದದ್ದು ಏನನ್ನು?

ಸುದ್ದಿಯಾದದ್ದು ಮೊದಲ ದಾರಿಗೆ ಸೇರಿದ, ಜಗತ್ತಿನಾದ್ಯಂತ ಹೆಸರಾದ ವಿಧಾನ: ಸೆನ್ಸರಿ ಇಂಟಿಗ್ರೇಷನ್, ಅಂದರೆ ಸಂವೇದನೆಗಳ ಸಮನ್ವಯ. ಕ್ಯಾಲಿಫೋರ್ನಿಯಾದ ಜೀನ್ ಏರ್ಸ್ (1920–1988) ಆಕ್ಯುಪೇಶನಲ್ ಥೆರಪಿಸ್ಟ್ ಆಗಿದ್ದುಕೊಂಡೇ ಮನೋವಿಜ್ಞಾನದಲ್ಲೂ ಉನ್ನತ ಅಧ್ಯಯನ ಮಾಡಿದವರು. ಕಣ್ಣು, ಕಿವಿ, ಚರ್ಮಗಳ ಜೊತೆಗೆ ಕೀಲು ಮತ್ತು ಸ್ನಾಯುಗಳಿಂದ ಬರುವ ದೇಹದ ಅರಿವು, ಒಳಕಿವಿಯಿಂದ ಬರುವ ಸಮತೋಲನದ ಅರಿವು ಇವೆಲ್ಲವನ್ನೂ ಮೆದುಳು ಸರಿಯಾಗಿ ಹೊಂದಿಸಿಕೊಳ್ಳದಿದ್ದರೆ ಕಲಿಕೆ ಮತ್ತು ನಡವಳಿಕೆ ಎಡವುತ್ತವೆ ಎಂಬ ಸಿದ್ಧಾಂತವನ್ನು ಅವರು 1972ರ ಹೊತ್ತಿಗೆ ಪೂರ್ಣರೂಪದಲ್ಲಿ ಮಂಡಿಸಿದರು. ತೂಗುವ ಜೋಕಾಲಿ, ಹತ್ತುವ ಏಣಿ, ಉರುಳುವ ಪೀಪಾಯಿಗಳಿಂದ ತುಂಬಿದ ಥೆರಪಿ ಕೋಣೆಯ ಇಂದಿನ ಚಿತ್ರ ಬಹುಮಟ್ಟಿಗೆ ಅವರಿಂದ ಬಂದದ್ದು.

ಆಟಿಸಂ ಇರುವ ಬಹಳಷ್ಟು ಮಕ್ಕಳಿಗೆ ಶಬ್ದ, ಬೆಳಕು, ಸ್ಪರ್ಶಗಳು ಅತಿಯಾಗಿಯೋ ತೀರಾ ಕಡಿಮೆಯಾಗಿಯೋ ತಟ್ಟುತ್ತವೆ ಎಂಬುದರಲ್ಲಿ ಈಗ ವಿವಾದವಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ಅದನ್ನು ಆಟಿಸಂನ ಲಕ್ಷಣಗಳಲ್ಲಿ ಒಂದಾಗಿ ಸೇರಿಸಿತು. ಆದರೆ ‘ಸೆನ್ಸರಿ ಪ್ರೊಸೆಸಿಂಗ್ ಡಿಸಾರ್ಡರ್’ ಎಂಬ ಪ್ರತ್ಯೇಕ ಕಾಯಿಲೆಯಾಗಿ ಅದನ್ನು ಒಪ್ಪಲಿಲ್ಲ. ಅದಕ್ಕೂ ಒಂದು ವರ್ಷ ಮುಂಚೆ, 2012ರಲ್ಲಿ, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಆ ಹೆಸರನ್ನು ರೋಗನಿರ್ಣಯವಾಗಿ ಬಳಸಬೇಡಿ ಎಂದು ವೈದ್ಯರಿಗೆ ಸೂಚಿಸಿತ್ತು. ಸಂವೇದನೆಯ ಥೆರಪಿಯನ್ನು ಅದು ನಿಷೇಧಿಸಲಿಲ್ಲ. ಪೂರ್ಣ ಯೋಜನೆಯ ಒಂದು ಭಾಗವಾಗಿ ಇರಬಹುದು, ಆದರೆ ಪುರಾವೆ ಸೀಮಿತವೆಂದು ಪೋಷಕರಿಗೆ ತಿಳಿಸಿ, ಅವಧಿ ಗೊತ್ತುಮಾಡಿ, ಪರಿಣಾಮ ಆಗುತ್ತಿದೆಯೇ ಎಂದು ಗಮನಿಸಿ ಎಂದಿತು.

ಬ್ರಿಟನ್ನಿನ ಅಧ್ಯಯನದಲ್ಲಿ ಆಟಿಸಂ ಮತ್ತು ಸಂವೇದನೆಯ ತೊಂದರೆಗಳಿದ್ದ 4ರಿಂದ 11 ವರ್ಷದ 138 ಮಕ್ಕಳಿದ್ದರು. ಅರ್ಧದಷ್ಟು ಮಕ್ಕಳಿಗೆ ಏರ್ಸ್ ಪದ್ಧತಿಯ ಥೆರಪಿಯನ್ನು 26 ವಾರಗಳ ಅವಧಿಯಲ್ಲಿ ಕೊಡಲಾಯಿತು, ಉಳಿದವರಿಗೆ ಮಾಮೂಲಿ ಆರೈಕೆ ಮುಂದುವರಿಯಿತು. ಆರು ತಿಂಗಳ ಬಳಿಕ ಮುಖ್ಯವಾಗಿ ಅಳೆದದ್ದು ಮಗುವಿನ ಕಿರಿಕಿರಿ ಮತ್ತು ಉದ್ರೇಕದ ನಡವಳಿಕೆಯನ್ನು. ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಪತ್ರಿಕೆಗಳಿಗೆ ತಲುಪಿದ ಸಾರಾಂಶ ಇಷ್ಟೇ.

ಇನ್ನೊಂದು ಅಂಶವೂ ಅದೇ ವರದಿಯಲ್ಲಿದೆ. ಥೆರಪಿ ಪಡೆದ ಗುಂಪಿನಲ್ಲಿ, ಪೋಷಕರು ತಮ್ಮ ಮಗುವಿಗೆಂದು ತಾವೇ ಆರಿಸಿಕೊಂಡಿದ್ದ ನಿತ್ಯದ ಗುರಿಗಳಿಗೆ ಕೊಟ್ಟ ಅಂಕಗಳು ಗಣನೀಯವಾಗಿ ಏರಿದ್ದವು. ಥೆರಪಿಯ ಪರ ಇರುವವರು ಇದನ್ನೇ ಎತ್ತಿಹಿಡಿಯುತ್ತಾರೆ: ಅಳತೆಗೋಲೇ ತಪ್ಪು, ಕಿರಿಕಿರಿ ಕಡಿಮೆ ಮಾಡುವುದು ಈ ಥೆರಪಿಯ ನೇರ ಗುರಿಯಲ್ಲ, ದಿನನಿತ್ಯದ ಕೆಲಸ ಸುಗಮವಾಗುವುದು ಗುರಿ, ಅದು ಆಗಿದೆ. 2014ರಲ್ಲಿ 32 ಮಕ್ಕಳೊಂದಿಗೆ ಅಮೆರಿಕದಲ್ಲಿ ನಡೆದ ಚಿಕ್ಕ ಅಧ್ಯಯನದಲ್ಲೂ ಥೆರಪಿ ಪಡೆದವರು ತಮಗೆಂದು ಗೊತ್ತುಮಾಡಿದ ಗುರಿಗಳಲ್ಲಿ ಮುಂದಿದ್ದರು ಎಂಬುದನ್ನು ಅವರು ನೆನಪಿಸುತ್ತಾರೆ.

ಈ ವಾದದಲ್ಲಿ ಹುರುಳಿದೆ, ಆದರೆ ಪೂರ್ತಿ ಅಲ್ಲ. 2022ರ ಅಧ್ಯಯನದಲ್ಲಿ ಆ ಗುರಿಗಳ ಅಂಕಗಳನ್ನು ಹೋಲಿಸಿ ನೋಡಲು ಇನ್ನೊಂದು ಗುಂಪಿನ ಅಂಕಗಳಿರಲಿಲ್ಲ. ಮಕ್ಕಳು ಬೆಳೆಯುವವರು, ಆರು ತಿಂಗಳಲ್ಲಿ ಏನೂ ಮಾಡದಿದ್ದರೂ ಒಂದಿಷ್ಟು ಬದಲಾಗುತ್ತಾರೆ. ತೊಂದರೆ ತಾರಕಕ್ಕೇರಿದಾಗಲೇ ಪೋಷಕರು ನೆರವು ಹುಡುಕುವುದರಿಂದ, ಅಲ್ಲಿಂದ ಮುಂದೆ ಅದು ಸ್ವಲ್ಪ ಇಳಿಯುವುದೂ ಸಹಜ. ಸಾಲದ್ದಕ್ಕೆ, ಆರು ತಿಂಗಳು ಮಗುವನ್ನು ಕರೆತಂದು ಕಾದು ಕೂತವರಿಗೆ ಏನೂ ಬದಲಾಗಿಲ್ಲ ಎಂದು ಅಂಕ ಹಾಕುವುದು ಸುಲಭವಲ್ಲ. ಹಾಗೆಂದು ಆ ಏರಿಕೆ ಸುಳ್ಳೆಂದೂ ಹೇಳಲಾಗದು. ಗುರಿಯನ್ನು ಹೆಸರಿಟ್ಟು ಬರೆದುಕೊಂಡು, ತಿಳಿದವರೊಬ್ಬರೊಂದಿಗೆ ಮತ್ತೆ ಮತ್ತೆ ಚರ್ಚಿಸಿದ್ದರಿಂದಲೇ ಮನೆಯಲ್ಲಿ ಏನೋ ಬದಲಾಗಿರಬಹುದು. ಹಾಗಿದ್ದರೆ ಫಲ ಕೊಟ್ಟದ್ದು ಜೋಕಾಲಿಯೇ ಆಗಿರಬೇಕಿಲ್ಲ.

ತೂಕದ ಹೊದಿಕೆ ಮತ್ತು ಮೂರನೆಯ ದನಿ

ಥೆರಪಿಯ ಪರ ಮತ್ತು ವಿರೋಧದ ಈ ಜಗಳದಲ್ಲಿ ಮೂರನೆಯ ನಿಲುವೊಂದು ಹೆಚ್ಚಾಗಿ ಕೇಳಿಸುವುದಿಲ್ಲ. ಆಟಿಸಂ ಇರುವ ವಯಸ್ಕರಲ್ಲಿ ಹಲವರು ಹೇಳುವುದು ಇದು: ನಮ್ಮ ಸಂವೇದನೆಗಳನ್ನು ರಿಪೇರಿ ಮಾಡಬೇಕೆಂಬ ಊಹೆಯೇ ಏಕೆ? ಅಂಗಿಯ ಕೊರಳಿನ ಹಿಂದಿರುವ ಚೀಟಿ ಮಗುವಿನ ಚರ್ಮವನ್ನು ಕೆರಳಿಸುತ್ತಿದ್ದರೆ, ಆ ಸ್ಪರ್ಶವನ್ನು ಸಹಿಸಲು ವಾರಗಟ್ಟಲೆ ಕಲಿಸುವುದಕ್ಕಿಂತ ಚೀಟಿಯನ್ನು ಕತ್ತರಿಸಿ ಹಾಕುವುದು ಒಂದು ನಿಮಿಷದ ಕೆಲಸ. ಮಿನುಗುವ ದೀಪ ಬದಲಾಯಿಸಿ, ಗದ್ದಲದ ಹೊತ್ತಿಗೆ ಕಿವಿಗವಸು ಕೊಡಿ, ತರಗತಿಯಲ್ಲಿ ಒಂದು ಶಾಂತ ಮೂಲೆ ಬಿಡಿ. ವಿಚಿತ್ರವೆಂದರೆ, ಪರಿಸರವನ್ನು ವ್ಯಕ್ತಿಗೆ ಹೊಂದಿಸುವುದು ಈ ವೃತ್ತಿಯ ಮೂಲ ಕಸುಬುಗಳಲ್ಲೇ ಒಂದು. ಆಕರ್ಷಕ ಸಲಕರಣೆಗಳ ಎದುರು ಅದು ಮಂಕಾಗಿದೆ ಅಷ್ಟೆ.

ಇಲ್ಲಿ ತೂಕದ ಹೊದಿಕೆಯ ಪ್ರಸಂಗ ಗಮನಾರ್ಹ. ಆಟಿಸಂ ಇರುವ ಮಕ್ಕಳ ನಿದ್ದೆಗೆ ಭಾರವಾದ ಹೊದಿಕೆ ನೆರವಾಗುತ್ತದೆಯೇ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು 67 ಮಕ್ಕಳಲ್ಲಿ ಪರಿಶೀಲಿಸಿತು. ಪ್ರತಿ ಮಗುವೂ ಕೆಲಕಾಲ ತೂಕದ ಹೊದಿಕೆಯನ್ನೂ ಕೆಲಕಾಲ ಸಾಮಾನ್ಯ ಹೊದಿಕೆಯನ್ನೂ ಹೊದ್ದಿತು. ನಿದ್ದೆಯ ಒಟ್ಟು ಅವಧಿ ಹೆಚ್ಚಲಿಲ್ಲ. ಆದರೂ ಮಕ್ಕಳೂ ಪೋಷಕರೂ ತೂಕದ ಹೊದಿಕೆಯನ್ನೇ ಇಷ್ಟಪಟ್ಟರು. ಚಿಕಿತ್ಸೆಯಾಗಿ ಅದು ಸೋತಿತು, ಹಿತವಾದ ಹೊದಿಕೆಯಾಗಿ ಗೆದ್ದಿತು. ಮಗುವಿಗೆ ಹಿತವೆನಿಸುವುದನ್ನು ಕೊಡಲು ವೈಜ್ಞಾನಿಕ ಪುರಾವೆಯ ಅಗತ್ಯವಿಲ್ಲ. ಅದನ್ನು ನಿದ್ರಾಹೀನತೆಯ ಮದ್ದೆಂದು ಮಾರುವಾಗ ಇದೆ.

ಮುಂದೆ ಆಗಬಹುದಾದದ್ದು

ಸಂಶೋಧಕರಾದ ಐಯೊನಾ ನೊವಾಕ್ ಮತ್ತು ಇಂಗ್ರಿಡ್ ಹೊನನ್ 2019ರಲ್ಲಿ ಈ ಕ್ಷೇತ್ರದ ಪುರಾವೆಗಳನ್ನೆಲ್ಲ ಕಲೆಹಾಕಿ ಟ್ರಾಫಿಕ್ ದೀಪದ ಬಣ್ಣಗಳಲ್ಲಿ ವಿಂಗಡಿಸಿದರು. ಯಾವ ಮಗುವಿಗೆ ಯಾವ ಉದ್ದೇಶಕ್ಕೆ ಯಾವ ವಿಧಾನ ಎಂದು ಬಿಡಿಸಿ ನೋಡಿದ 135 ಸಂದರ್ಭಗಳಲ್ಲಿ 40 ಹಸಿರಾದವು, ಅಂದರೆ ನಿಶ್ಚಿಂತೆಯಿಂದ ಮಾಡಬಹುದಾದವು. ಕೆಂಪಾದವು 6 ಮಾತ್ರ. ಉಳಿದ 89 ಹಳದಿ, ಅವುಗಳಲ್ಲಿ 75 ‘ಬಹುಶಃ ಮಾಡಬಹುದು’ ಎಂಬ ಕಡೆ ವಾಲಿದವು, 14 ‘ಬಹುಶಃ ಬೇಡ’ ಎಂಬ ಕಡೆ. ಮಗು ತಾನೇ ಸಕ್ರಿಯವಾಗಿ, ನಿಜವಾದ ಕೆಲಸವನ್ನೇ ಅಭ್ಯಾಸ ಮಾಡುವ ವಿಧಾನಗಳು ಮೇಲುಗೈ ಪಡೆದವು. ಹಣ ಕೊಡುವ ಸರ್ಕಾರಗಳು ಮತ್ತು ವಿಮಾ ಸಂಸ್ಥೆಗಳು ಇಂಥ ಪಟ್ಟಿಗಳನ್ನು ಓದುತ್ತವೆ. ಸೆನ್ಸರಿ ಇಂಟಿಗ್ರೇಷನ್ ಅನ್ನು ಸಾಬೀತಾಗದ ಚಿಕಿತ್ಸೆಯೆಂದು ಪರಿಗಣಿಸಿ ವೆಚ್ಚ ಭರಿಸಲು ನಿರಾಕರಿಸುವ ವಿಮಾ ಸಂಸ್ಥೆಗಳು ಈಗಾಗಲೇ ಇವೆ.

ಇದರಿಂದ ಒಳ್ಳೆಯದೂ ಆಗಬಹುದು, ಕೆಟ್ಟದ್ದೂ ಆಗಬಹುದು. ಒಂದು ವಿಧಾನದ ಸೋಲನ್ನು ಇಡೀ ವೃತ್ತಿಯ ಸೋಲೆಂದು ಓದಿದರೆ, ಬರೆಯಲು, ಉಣ್ಣಲು, ಬಟ್ಟೆ ತೊಡಲು ಕಲಿಯುತ್ತಿರುವ ಮಕ್ಕಳ ಸೇವೆಗೂ ಕತ್ತರಿ ಬೀಳುತ್ತದೆ. ಅದರ ಮೊದಲ ಪೆಟ್ಟು ಸ್ವಂತ ಹಣದಿಂದ ಥೆರಪಿ ಕೊಡಿಸಲಾಗದ ಕುಟುಂಬಗಳಿಗೆ. ವ್ಯತ್ಯಾಸವನ್ನು ಅರಿತು ಓದಿದರೆ, ದುಬಾರಿ ಸಲಕರಣೆಯ ಕೋಣೆಗೆ ಹೋಗುವ ಹಣ ಮತ್ತು ಸಮಯ ಮನೆ ಹಾಗೂ ತರಗತಿಯತ್ತ ತಿರುಗಬಹುದು, ಆಗ ಸರದಿಯ ಸಾಲೂ ಮೊಟಕಾದೀತು. ಕೆನಡಾದಲ್ಲಿ ಥೆರಪಿಸ್ಟ್‌ಗಳನ್ನು ಶಾಲೆಯೊಳಗೇ ನೇಮಿಸಿ, ರೋಗನಿರ್ಣಯಕ್ಕೆ ಕಾಯದೆ ಶಿಕ್ಷಕರೊಂದಿಗೆ ಸೇರಿ ಕೆಲಸ ಮಾಡಿಸುವ ಮಾದರಿಯನ್ನು ರೂಪಿಸಿರುವುದು ಈ ಆಲೋಚನೆಯಿಂದಲೇ.

ಮನೆಯ ಅಭ್ಯಾಸವೆಂದರೆ ಥೆರಪಿಸ್ಟ್ ಸಿಗದಿದ್ದಾಗಿನ ಬದಲಿ ವ್ಯವಸ್ಥೆ ಎಂಬ ಭಾವನೆಯಿದೆ, ಅದು ತಪ್ಪು. ಸೆರೆಬ್ರಲ್ ಪಾಲ್ಸಿ ಇರುವ 36 ಮಕ್ಕಳೊಂದಿಗೆ ನೊವಾಕ್ ಮತ್ತು ಸಂಗಡಿಗರು ನಡೆಸಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಥೆರಪಿಸ್ಟ್ ಮತ್ತು ಪೋಷಕರು ಕೂಡಿ ಗುರಿ ಗೊತ್ತುಮಾಡಿದ ಎಂಟು ವಾರಗಳ ಮನೆ ಕಾರ್ಯಕ್ರಮ ಸ್ಪಷ್ಟ ಸುಧಾರಣೆ ತಂದಿತು. ಕುಟುಂಬಗಳು ನಿಜಕ್ಕೂ ಮಾಡಿದ್ದು ತಿಂಗಳಿಗೆ ಸರಾಸರಿ 17.5 ಬಾರಿ, ಪ್ರತಿ ಸಲ ಸುಮಾರು 16.5 ನಿಮಿಷ. ದಿನಕ್ಕೆ ಎರಡು ಗಂಟೆ ಮಾಡಿಸಲಾಗಲಿಲ್ಲವೆಂದು ಕೊರಗುವ ಪೋಷಕರು ಈ ಅಂಕಿಗಳನ್ನು ಗಮನಿಸಬೇಕು.

ಹಳದಿ ಗುಂಪಿನ ಥೆರಪಿಗಳ ಮಟ್ಟಿಗೆ ನೊವಾಕ್ ಅವರ ವಿಮರ್ಶೆಯ ಸಲಹೆಯೂ 2012ರ ವೈದ್ಯರ ಸಲಹೆಯೂ ಒಂದೇ ಕಡೆ ಬಂದು ನಿಲ್ಲುತ್ತವೆ: ಅಳೆದು ನೋಡಿ. ಅಂದರೆ ಥೆರಪಿ ಶುರುವಾಗುವ ಮೊದಲೇ ಕಾಗದದಲ್ಲಿ ಮೂರು ಸಂಗತಿ ಇರಬೇಕು. ಮಗು ಏನು ಮಾಡಲು ಕಲಿಯಬೇಕು ಎಂಬುದು ಒಂದು, ಈಗ ಎಷ್ಟು ಮಾಡುತ್ತದೆ ಎಂಬುದು ಎರಡು, ಎಂದು ಮತ್ತೆ ನೋಡುತ್ತೇವೆ ಎಂಬುದು ಮೂರು. “ಸಂವೇದನೆ ಸುಧಾರಿಸಬೇಕು” ಎಂದು ಬರೆದರೆ ಅದನ್ನು ಯಾರೂ ಅಳೆಯಲಾರರು. “ಐದು ಗುಂಡಿಗಳಲ್ಲಿ ಈಗ ಒಂದನ್ನು ಹಾಕಿಕೊಳ್ಳುತ್ತದೆ, ಎಂಟು ವಾರಕ್ಕೆ ನಾಲ್ಕು” ಎಂದು ಬರೆದರೆ ಮನೆಯಲ್ಲಿ ಯಾರು ಬೇಕಾದರೂ ಎಣಿಸಬಹುದು. ಎಂಟನೆಯ ವಾರ ಎಣಿಕೆ ಇನ್ನೂ ಒಂದರಲ್ಲೇ ನಿಂತಿದ್ದರೆ ವಿಧಾನ ಬದಲಾಗಬೇಕು. ನಾಲ್ಕಕ್ಕೆ ಬಂದಿದ್ದರೆ ಆ ಗುರಿಯ ಥೆರಪಿ ಮುಗಿಯಬೇಕು, ಸರದಿಯಲ್ಲಿರುವ ಮುಂದಿನ ಮಗುವಿಗೆ ಜಾಗ ತೆರವಾಗಬೇಕು.